ಯಾರೂ ಇಣುಕದ ತೂತುಗಳು

ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ ವಿಗ್ರಹ ಎರಕ ಹೊಯ್ಯುವ ಕ್ರಮವೊಂದಿದೆ. ಮೊದಲು ಮೇಣದಲ್ಲಿ ಮೂರ್ತಿ ಮಾಡಬೇಕು, ಅದರ ಮೇಲೆ ಮಣ್ಣು ಮೆತ್ತಬೇಕು, ಕಾಯಿಸಿ ಮೇಣವನ್ನು ಹರಿಸಿಬಿಡಬೇಕು, ಆಮೇಲೆ ಆ ಖಾಲಿ ಜಾಗಕ್ಕೆ ಕರಗಿದ ಲೋಹ ಹೊಯ್ಯಬೇಕು. ಮೇಣದ ತೂಕದಿಂದಲೇ ಲೋಹದ ತೂಕ ಲೆಕ್ಕ ಹಾಕುವ ಸೂತ್ರವೂ ಅಲ್ಲಿದೆ. ಹನ್ನೆರಡನೆಯ ಶತಮಾನದ ಆ ಶಿಲ್ಪಿಗೆ ಖಾಲಿ ಜಾಗ ಎಂಬುದು ನಡುವಿನ ಒಂದು ಹಂತ ಮಾತ್ರ. ಇಪ್ಪತ್ತನೆಯ ಶತಮಾನದ ರಸಾಯನ ವಿಜ್ಞಾನಿಗಳಿಗೆ ಅದೇ ಗುರಿಯಾಯಿತು. ಅಚ್ಚನ್ನು ತೆಗೆದ ಮೇಲೆ ಉಳಿಯುವ ತೂತೇ ಅವರಿಗೆ ಬೇಕಾದ ಸರಕು. ಆ ತೂತುಗಳ ಚರಿತ್ರೆ ಓದುತ್ತಾ ಹೋದಂತೆ ನನ್ನನ್ನು ಕಾಡಿದ್ದು ಒಂದು ಪ್ರಶ್ನೆ: ಒಬ್ಬರು ಮಾಡಿ, ಇನ್ನೊಬ್ಬರು ಕಂಡದ್ದು ಯಾರ ಶೋಧ?

1756ರಲ್ಲಿ ಸ್ವೀಡನ್ನಿನ ಆಕ್ಸೆಲ್ ಕ್ರೋನ್‌ಸ್ಟೆಟ್ ಒಂದು ಖನಿಜವನ್ನು ಊದುಗೊಳವೆಯ ಉರಿಗೆ ಹಿಡಿದಾಗ ಅದು ನೊರೆಯೆದ್ದು ಕುದಿಯಿತು. ಗ್ರೀಕಿನಲ್ಲಿ 'ಕುದಿಯುವ ಕಲ್ಲು' ಎಂಬರ್ಥದ ಜಿಯೋಲೈಟ್ ಎಂಬ ಹೆಸರನ್ನು ಆತ ಅದಕ್ಕೆ ಇಟ್ಟ. ಕುದಿದದ್ದು ಕಲ್ಲಲ್ಲ, ಹರಳಿನೊಳಗಿನ ಸಣ್ಣ ಸಣ್ಣ ಓಣಿಗಳಲ್ಲಿ ಸೇರಿಕೊಂಡಿದ್ದ ನೀರು. ಈ ಓಣಿಗಳು ಅಣುಗಳಿಗೆ ಜರಡಿಯಂತೆ. ಸಣ್ಣವು ಒಳಗೆ ಹೋಗುತ್ತವೆ, ದೊಡ್ಡವು ಹೊರಗೇ ನಿಲ್ಲುತ್ತವೆ.

ಇಂಥ ಹರಳುಗಳನ್ನು ಪ್ರಯೋಗಾಲಯದಲ್ಲಿ ಬೆಳೆಸುವಾಗ, 1961ರಲ್ಲಿ ಬ್ರಿಟನ್ನಿನ ರಿಚರ್ಡ್ ಬ್ಯಾರರ್ ಮತ್ತು ಡೆನ್ನಿ ಇಂಗಾಲಯುಕ್ತ ಅಯಾನುಗಳನ್ನು ಬಳಸಿದ್ದನ್ನು ಪ್ರಕಟಿಸಿದರು. ಹರಳು ಆ ಅಯಾನುಗಳ ಸುತ್ತ ಕಟ್ಟಿಕೊಳ್ಳುತ್ತದೆ. ಆಮೇಲೆ ಬಿಸಿ ಮಾಡಿ ಅವನ್ನು ಸುಟ್ಟರೆ ಅವು ಇದ್ದ ಜಾಗ ತೆರವಾಗುತ್ತದೆ. 1972ರಲ್ಲಿ ಮೊಬಿಲ್ ಕಂಪನಿ ಪೇಟೆಂಟ್ ಪಡೆದ ಝಡ್‌ಎಸ್‌ಎಂ-5 ಈ ದಾರಿಯಲ್ಲೇ ಬಂದದ್ದು. ಆದರೆ ಒಂಟಿ ಅಣು ಅಚ್ಚಾದಾಗ ತೂತು ಸುಮಾರು ಒಂದು ನ್ಯಾನೋಮೀಟರಿಗಿಂತ ಬಹಳ ದೊಡ್ಡದಾಗುವುದಿಲ್ಲ. ಕಚ್ಚಾ ತೈಲದ ಭಾರೀ ಅಣುಗಳಿಗೆ ಆ ಬಾಗಿಲು ಸಾಲದು.

1992ರಲ್ಲಿ ಮೊಬಿಲ್‌ನ ಕ್ರೆಸ್ಗೆ, ಬೆಕ್ ಮತ್ತು ಸಂಗಡಿಗರು 'ನೇಚರ್' ಪತ್ರಿಕೆಯಲ್ಲಿ ಉತ್ತರ ಕೊಟ್ಟರು. ಒಂಟಿ ಅಣುವಿನ ಬದಲು ಅಣುಗಳ ಒಂದು ಗುಂಪನ್ನೇ ಅಚ್ಚು ಮಾಡಿದರು. ಸಾಬೂನಿನಂಥ ಅಣುವಿಗೆ ನೀರನ್ನು ಮೆಚ್ಚುವ ತಲೆ, ನೀರನ್ನು ಒಲ್ಲದ ಬಾಲ ಇರುತ್ತವೆ. ನೀರಿನಲ್ಲಿ ಇವು ಬಾಲಗಳನ್ನು ಒಳಗಿಟ್ಟು, ತಲೆಗಳನ್ನು ಹೊರಗಿಟ್ಟು ಗುಂಪುಗೂಡುತ್ತವೆ. ಸಿಲಿಕಾ ಸೇರಿದಾಗ ಎರಡೂ ಕೂಡಿ ಉದ್ದುದ್ದ ಕೊಳವೆಗಳಾಗಿ, ಜೇನುಗೂಡಿನ ಹಾಗೆ ಜೋಡಿಕೊಳ್ಳುತ್ತವೆ. ಸುಮಾರು 540 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಿದರೆ ಒಳಗಿನ ಸಾಬೂನು ಸುಟ್ಟುಹೋಗಿ ಸಿಲಿಕಾ ಗೂಡು ಉಳಿಯುತ್ತದೆ. ಬಾಲದ ಉದ್ದ ಬದಲಿಸಿದರೆ ತೂತಿನ ಅಗಲವೂ ಬದಲಾಗುತ್ತದೆ. ಎಂಸಿಎಂ-41 ಎಂಬ ಈ ಪುಡಿಯ ಒಂದು ಗ್ರಾಮಿನ ಒಳಮೈ ಹರಡಿದರೆ ಸುಮಾರು 1000 ಚದರ ಮೀಟರ್. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಮೂವತ್ತು-ನಲವತ್ತರ ಒಂಬತ್ತು ಸೈಟು.

ಜಪಾನಿನಲ್ಲಿ ಕುರೋಡಾ ಮತ್ತು ಸಂಗಡಿಗರು ಪದರ ಪದರವಾದ ಸಿಲಿಕೇಟಿನಿಂದ ಇಂಥದೇ ರಂಧ್ರಮಯ ವಸ್ತುವನ್ನು 1990ರಲ್ಲೇ ಪ್ರಕಟಿಸಿದ್ದರು. ಅದಕ್ಕಿಂತ ದೊಡ್ಡ ಅಚ್ಚರಿ 1997ರಲ್ಲಿ ಬಂತು. ದೀಪಗಳಿಗೆ ಹೆಸರಾದ ಅಮೆರಿಕದ ಸಿಲ್ವೇನಿಯಾ ಕಂಪನಿಯಲ್ಲಿ ಕಿಯೋಲಾ, ರಿಟ್ಸ್ಕೋ, ವ್ಯಾಂಡರ್‌ಪೂಲ್ ಎಂಬ ಮೂವರು 1969ರಲ್ಲಿ ಒಂದು ಪೇಟೆಂಟಿಗೆ ಅರ್ಜಿ ಹಾಕಿದ್ದರು. 1971ರಲ್ಲಿ ಅದು ಮಂಜೂರಾಯಿತು. ಅವರಿಗೆ ಬೇಕಾಗಿದ್ದದ್ದು ಹಗುರವಾದ ಸಿಲಿಕಾ ಪುಡಿ, ಅಷ್ಟೆ. ಫ್ರಾನ್ಸಿನ ದಿ ರೆಂಜೋ ಮತ್ತು ಇಬ್ಬರು ಸಹೋದ್ಯೋಗಿಗಳು ಪೇಟೆಂಟಿನಲ್ಲಿ ಬರೆದಂತೆಯೇ ಮಾಡಿ ನೋಡಿದರು. ಬಂದದ್ದು ಎಂಸಿಎಂ-41ರಂಥದೇ ವಸ್ತು. ಮಂಜೂರಾದಂದಿನಿಂದ 26 ವರ್ಷ ಅದು ಕಾಗದದ ಮೇಲೆ ಎಲ್ಲರ ಕಣ್ಣೆದುರೇ ಇತ್ತು.

ಹಾಗಾದರೆ ಶೋಧ ಯಾರದು? ಮಾಡಿದವರದೇ ಎನ್ನಲು ನನಗೆ ಮನಸ್ಸಾಗುವುದಿಲ್ಲ. ಪುಡಿ ಏಕೆ ಹಗುರ ಎಂಬ ಪ್ರಶ್ನೆಯ ಬೆನ್ನು ಹತ್ತಿದ್ದರೆ ಅವರು ತೂತಿನ ಬಾಗಿಲಿಗೇ ಬಂದು ನಿಲ್ಲುತ್ತಿದ್ದರು. ಮೊಬಿಲ್‌ನವರು ತೂತನ್ನೇ ಹುಡುಕುತ್ತಿದ್ದರು, ಎಕ್ಸ್‌ರೇ ಮತ್ತು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಹಿಡಿದು ಒಳಗೆ ಇಣುಕಿದರು, ತೂತು ಹೇಗೆ ಆಯಿತೆಂದು ಹೇಳಿದರು. ಆ ವಿವರಣೆ ಇದ್ದದ್ದರಿಂದಲೇ ಬೇರೆಯವರು ಮುಂದೆ ಹೋಗಲು ಸಾಧ್ಯವಾಯಿತು. 1999ರಲ್ಲಿ ಕೊರಿಯಾದ ರ್‍ಯೂ ಮತ್ತು ತಂಡ ಇಂಥ ಸಿಲಿಕಾದ ತೂತುಗಳಿಗೆ ಸಕ್ಕರೆ ತುಂಬಿ, ಅದನ್ನು ಇದ್ದಿಲಾಗಿಸಿ, ಸಿಲಿಕಾವನ್ನೇ ಕರಗಿಸಿಬಿಟ್ಟರು. ಅಚ್ಚಿನಿಂದ ಹುಟ್ಟಿದ್ದು ತಾನೇ ಅಚ್ಚಾಯಿತು. ಅದೇ ಹೊತ್ತಿಗೆ ಬೆಂಗಳೂರಿನ ಜಕ್ಕೂರಿನಲ್ಲಿ ಸಿ.ಎನ್.ಆರ್. ರಾವ್ ಅವರ ತಂಡ ಲೋಹದ ಫಾಸ್ಫೇಟುಗಳ ತೆರೆದ ಚೌಕಟ್ಟುಗಳನ್ನು ಕಟ್ಟುತ್ತಿತ್ತು. ತೂತು ತುಂಬಲು ಹಾಕಿದ ಅಮೀನು ಬರೀ ಜಾಗ ಹಿಡಿದು ಕೂರುವುದಿಲ್ಲ, ಮೊದಲು ಅಮೀನ್ ಫಾಸ್ಫೇಟ್ ಆಗಿ, ಚೌಕಟ್ಟು ಕಟ್ಟುವ ಕ್ರಿಯೆಯಲ್ಲೇ ಪಾಲುಗೊಳ್ಳಬಲ್ಲದು ಎಂದು ಅವರು ತೋರಿಸಿದರು.

ಆದರೂ ಸಿಲ್ವೇನಿಯಾದ ಮೂವರನ್ನು ಚರಿತ್ರೆಯಿಂದ ಬಿಡುವಂತಿಲ್ಲ. ಅವರ ವಿಧಾನ ಸರಿಯಾಗಿತ್ತು, ಮತ್ತೊಬ್ಬರು ಓದಿ ಮಾಡುವಷ್ಟು ಸ್ಪಷ್ಟವಾಗಿತ್ತು. ಹಾಗೆ ಬರೆದಿಟ್ಟದ್ದರಿಂದಲೇ ಅವರ ಹೆಸರು ನಮಗೆ ಮರಳಿ ಸಿಕ್ಕಿತು.