ಆಟದೊಳಗಿನ ಭಕ್ತ: ಸೊನ್ನಲಿಗೆಯಿಂದ ವಿಡಿಯೋ ಗೇಮ್‌ವರೆಗೆ

ವಿಡಿಯೋ ಗೇಮ್‌ಗಳಲ್ಲಿ ದೇವರಿಗೆ ಬರವಿಲ್ಲ. ದೇವರನ್ನು ನಂಬಿ ಬದುಕುವ ಪಾತ್ರಗಳಿಗೆ ಬರ. ಸೊಲ್ಲಾಪುರ, ಅಕ್ಕಲಕೋಟೆ ಕಡೆಯವರಿಗೆ ಈ ಕೊರತೆ ಬೇಗ ಕಣ್ಣಿಗೆ ಬೀಳುತ್ತದೆ. ಇಲ್ಲಿ ತಲೆತಲಾಂತರದಿಂದ ಹೇಳುತ್ತ ಬಂದ ಕಥೆಯೇ ಒಬ್ಬ ಭಕ್ತನದು.

ಸೊಲ್ಲಾಪುರದ ಹಳೆಯ ಹೆಸರು ಸೊನ್ನಲಿಗೆ. ಅಲ್ಲಿಯ ಸಿದ್ಧರಾಮನ ಕಥೆಯನ್ನು ರಾಘವಾಂಕ 13ನೆಯ ಶತಮಾನದಲ್ಲಿ ಷಟ್ಪದಿಯಲ್ಲಿ ಹೇಳಿದ. ದನ ಕಾಯುವ ಹುಡುಗನ ಮುಂದೆ ಶ್ರೀಶೈಲದ ಮಲ್ಲಿಕಾರ್ಜುನನೇ ಮಲ್ಲಯ್ಯನೆಂಬ ಜಂಗಮನಾಗಿ ಬಂದು ಹಸಿವೆ ಎನ್ನುತ್ತಾನೆ. ಹುಡುಗ ಮನೆಗೆ ಓಡಿ ಊಟ ತರುವಷ್ಟರಲ್ಲಿ ಮಲ್ಲಯ್ಯ ಕಾಣೆ. ಅಳುತ್ತ, ಕಂಡವರನ್ನೆಲ್ಲ ಕೇಳುತ್ತ ಶ್ರೀಶೈಲದವರೆಗೂ ಹೋದ ಹುಡುಗ ಕಮರಿಗೆ ಹಾರುವಾಗ ಮಲ್ಲಿಕಾರ್ಜುನ ಕೈಹಿಡಿಯುತ್ತಾನೆ.

15ನೆಯ ಶತಮಾನದ ಶೂನ್ಯಸಂಪಾದನೆಗೆ ಬಂದರೆ ಅದೇ ಸಿದ್ಧರಾಮ ಕೆರೆ, ಗುಡಿ ಕಟ್ಟಿಸುವುದರಲ್ಲಿ ಮುಳುಗಿದ್ದಾನೆ. ವಚನಕಾರ ಅಲ್ಲಮ ಬಂದು ಅವನನ್ನು ಹಗುರವಾಗಿ ಕರೆದು ಕೆಲಸಗಾರರನ್ನು ಕೆಣಕುತ್ತಾನೆ. ಅವರು ಕಲ್ಲು ಬೀರುತ್ತಾರೆ. ಸಿಟ್ಟಿಗೆದ್ದ ಸಿದ್ಧರಾಮ ಹಣೆಗಣ್ಣು ತೆರೆಯುತ್ತಾನೆ. ಈಗಿನ ಗೇಮ್‌ಗಳಲ್ಲಾದರೆ ಇದೇ ಕೊನೆಯ ಕಾಳಗವಾಗುತ್ತಿತ್ತು. ಶೂನ್ಯಸಂಪಾದನೆಯಲ್ಲಿ ಬೆಂಕಿ ಅಲ್ಲಮನನ್ನು ಮುಟ್ಟುವುದಿಲ್ಲ, ಮಾತು ಶುರುವಾಗುತ್ತದೆ. ಕಟ್ಟಿದ್ದೆಲ್ಲ ಭಕ್ತಿಯೇ ಎಂಬ ಸಿದ್ಧರಾಮನ ಭರವಸೆ ಆ ಮಾತಿನಲ್ಲಿ ಅಲುಗುತ್ತದೆ. ಅವನು ಶರಣರ ಕಲ್ಯಾಣದ ದಾರಿ ಹಿಡಿಯುತ್ತಾನೆ. ನಂಬಿಕೆಯೊಳಗೇ ಹುಟ್ಟುವ ಈ ಪ್ರಶ್ನೆಗೆ ಸಮನಾದ ಪಾತ್ರರಚನೆ ಕನ್ನಡದಲ್ಲೇ ವಿರಳ. 20ನೆಯ ಶತಮಾನದಲ್ಲಿ ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆ ಈ ಕಥೆಯನ್ನು ತ್ರಿಪದಿಯಲ್ಲಿ ಹಾಡಿದರು.

ಸೊಲ್ಲಾಪುರದ ಸಂಕ್ರಾಂತಿಯ ಜಾತ್ರೆಯಲ್ಲಿ ಸಿದ್ಧರಾಮನ ಕಥೆ ಬೀದಿಗೆ ಇಳಿಯುತ್ತದೆ. ಬಿಳಿಯ ಬಾರಾಬಂದಿ ಅಂಗಿ ತೊಟ್ಟವರು ಏಳು ನಂದಿಧ್ವಜಗಳನ್ನು ಹೊತ್ತು ಸಾಗುತ್ತಾರೆ. ಊರ ಸುತ್ತಲ 68 ಲಿಂಗಗಳಿಗೆ ಎಣ್ಣೆ ಮಜ್ಜನವಾಗುತ್ತದೆ. ಸಿದ್ಧರಾಮನನ್ನೇ ಮದುವೆಯಾಗುತ್ತೇನೆಂದು ಕುಂಬಾರರ ಮಗಳು ಹಟ ಹಿಡಿದಾಗ ಅವನು ತನ್ನ ಯೋಗದಂಡದೊಡನೆ ಲಗ್ನಕ್ಕೆ ಒಪ್ಪಿದನಂತೆ. ಸಮ್ಮತಿ ಕಟ್ಟೆಯಲ್ಲಿ ಆ ಲಗ್ನ ಪ್ರತಿ ವರ್ಷ ನಡೆಯುತ್ತದೆ, ನೆರೆದವರೆಲ್ಲ ಅಕ್ಷತೆ ಹಾಕುತ್ತಾರೆ. ಕಥೆ ಕೇಳಲು ಬಂದವರು ಹೀಗೆ ಕಥೆಯೊಳಗೆ ಪಾಲುಗಾರರಾಗುತ್ತಾರೆ. ಗೇಮ್ ಎಂಬ ಕಲೆ ಆಡುವವನಿಂದ ಬಯಸುವುದೂ ಇದನ್ನೇ.

ಅಕ್ಕಲಕೋಟೆಯಲ್ಲಿ 1878ರಲ್ಲಿ ಸಮಾಧಿಯಾದ ಸ್ವಾಮಿ ಸಮರ್ಥರ ಲೀಲೆಗಳ ಕಥೆಗಳಲ್ಲೂ ಬದಲಾಗುವವರು ಅನುಮಾನ ಹೊತ್ತು ಬಂದವರು. 2015ರ ಮರಾಠಿ ಚಿತ್ರ ‘ದೇಊಳ್ ಬಂದ್’ ಇದೇ ಜಾಡಿನದು. ಅದರ ನಾಯಕ ದೇವರನ್ನು ನಂಬದ ವಿಜ್ಞಾನಿ.

ನಂಬಿಕೆ, ಅನುಮಾನಗಳ ಈ ದಾರಿಗೆ ಗೇಮ್‌ಗಳು ತಡವಾಗಿ ಬಂದವು. 1980ರ ದಶಕದಲ್ಲಿ ಅಮೆರಿಕಕ್ಕೆ ಬರುವ ಆಟಗಳಲ್ಲಿ ನಿಂಟೆಂಡೊ ಶಿಲುಬೆಯಂಥ ಧಾರ್ಮಿಕ ಗುರುತುಗಳನ್ನು ಅಳಿಸುತ್ತಿತ್ತು. ಆದರೂ 1985ರಲ್ಲಿ ರಿಚರ್ಡ್ ಗ್ಯಾರಿಯಟ್ ‘ಅಲ್ಟಿಮಾ 4’ ತಂದ. ಅದರಲ್ಲಿ ಕೊಲ್ಲಬೇಕಾದ ಮಹಾದುಷ್ಟನಿಲ್ಲ. ಎಂಟು ಸದ್ಗುಣಗಳನ್ನು ಬಾಳಿ ತೋರಿಸಬೇಕು. ಕುರುಡಿ ವ್ಯಾಪಾರಿಗೆ ಹಣ ಕಡಿಮೆ ಕೊಟ್ಟರೂ ಲೆಕ್ಕಕ್ಕೆ ಬರುತ್ತದೆ. 2001ರ ‘ಫೈನಲ್ ಫ್ಯಾಂಟಸಿ 10’ರಲ್ಲಿ ಯೂನಾ ಎಂಬ ಹುಡುಗಿ ಜನರಿಗಾಗಿ ಪ್ರಾಣ ಕೊಡಲು ಯಾತ್ರೆ ಹೊರಟವಳು. ತನ್ನ ಧರ್ಮಪೀಠವೇ ಸುಳ್ಳು ಹೇಳಿದೆ ಎಂದು ಅವಳಿಗೆ ತಿಳಿಯುತ್ತದೆ. ಪೀಠವನ್ನು ಬಿಡುತ್ತಾಳೆ, ಜನರನ್ನು ಬಿಡುವುದಿಲ್ಲ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಆಳವಾದದ್ದು 2016ರ ‘ದಟ್ ಡ್ರ್ಯಾಗನ್, ಕ್ಯಾನ್ಸರ್’. ಕ್ಯಾನ್ಸರ್‌ನಿಂದ ತೀರಿಕೊಂಡ ಮಗ ಜೋಯೆಲ್‌ಗಾಗಿ ತಂದೆತಾಯಿ ರಯಾನ್ ಮತ್ತು ಏಮಿ ಗ್ರೀನ್ ಮಾಡಿದ ಆಟ ಅದು. ತಾಯಿಯ ಪ್ರಾರ್ಥನೆ ಗಟ್ಟಿ, ತಂದೆಯದು ತಡವರಿಕೆ. ಆಡುವವನಿಗೆ ಗೆಲ್ಲಲು ಅಲ್ಲಿ ಏನೂ ಇಲ್ಲ.

ನಮ್ಮ ದೇಶದ ಆಟಗಳು ಇಲ್ಲೇ ಹಿಂದೆ ಬಿದ್ದಿವೆ. 2009ರ ‘ಹನುಮಾನ್: ಬಾಯ್ ವಾರಿಯರ್’ ಬಂದಾಗ ದೇವರನ್ನು ಗುಂಡಿ ಒತ್ತಿ ಕುಣಿಸುವುದು ಸರಿಯಲ್ಲ ಎಂಬ ಆಕ್ಷೇಪ ಎದ್ದಿತು. ಆ ಆಕ್ಷೇಪವನ್ನು ತಳ್ಳಿಹಾಕಲಾರೆ, ಆದರೆ ಉತ್ತರ ನಿಷೇಧದಲ್ಲಿಲ್ಲ. ಆಡುವವನ ಕೈಗೆ ದೇವರ ಬದಲು ಭಕ್ತನನ್ನು ಕೊಡಬಹುದು. ಹೊರದೇಶದವರು ಮಾಡಿದ 2017ರ ‘ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ’ಯಲ್ಲೂ ಹೊಯ್ಸಳರ ಹಳೇಬೀಡು, ಬೇಲೂರುಗಳ ಹೆಸರಿದೆ, ಗಣೇಶನ ದಂತವಿದೆ. ಗಣೇಶನನ್ನು ಪೂಜಿಸುವ ಊರವರು ಮಾತ್ರ ಕಥೆಯ ಮುನ್ನೆಲೆಗೆ ಬರುವುದಿಲ್ಲ. ಪುಣೆಯ ನೋಡಿಂಗ್ ಹೆಡ್ಸ್ ಗೇಮ್ಸ್ 2020ರಲ್ಲಿ ತಂದ ‘ರಾಜಿ’ ಒಂದು ಹೆಜ್ಜೆ ಮುಂದೆ ಹೋಯಿತು. ತಮ್ಮನನ್ನು ಹುಡುಕುವ ಹುಡುಗಿಯ ಪಾಡನ್ನು ದುರ್ಗೆ ಮತ್ತು ವಿಷ್ಣು ಮಾತಾಡಿಕೊಳ್ಳುತ್ತ ನೋಡುತ್ತಾರೆ. ಚಿತ್ರಣ ಸೊಗಸು. ಆದರೂ ದೇವರು ಅವಳಿಗೆ ಕೊಡುವುದು ಹೆಚ್ಚಾಗಿ ಆಯುಧ.

ಸಿದ್ಧರಾಮನನ್ನು ಆಟಕ್ಕೆ ತರುವ ಕನ್ನಡದ ಹುಡುಗರು ಮುಂದೆ ಬಂದರೆ ನನ್ನ ಕೋರಿಕೆ ಇಷ್ಟೆ: ಹಣೆಗಣ್ಣಿನ ಬೆಂಕಿಯನ್ನು ಶಕ್ತಿಪ್ರದರ್ಶನ ಮಾಡಬೇಡಿ. ಕೆರೆಯ ಮಣ್ಣು ಹೊರುವ ಕೆಲಸವನ್ನು ಆಡುವವನಿಗೆ ಕೊಡಿ. ಅಲ್ಲಮನ ಪ್ರಶ್ನೆಗಳಿಗೆ ಉತ್ತರಿಸುವ ಹೊಣೆಯನ್ನೂ ಅವನಿಗೇ ಬಿಡಿ. ಕೆಲಸ ಶುರುಮಾಡುವ ಮೊದಲು ಸೊಲ್ಲಾಪುರದ ಭಕ್ತರೊಡನೆ ಕೂತು ಮಾತಾಡಿ.