ಸಿತಾರ್ ಕಾನ್ಸರ್ಟೊ: ಧ್ವನಿಮುದ್ರಣಗಳು
ಹಿಂದೂಸ್ತಾನಿ ರಾಗಗಳನ್ನು ಆಧರಿಸಿ ಪಂಡಿತ್ ರವಿಶಂಕರ್ (1920-2012) ಸಿತಾರ್ ಹಾಗೂ ಪಾಶ್ಚಾತ್ಯ ವಾದ್ಯವೃಂದಕ್ಕಾಗಿ ರಚಿಸಿದ ಎರಡು ಕೃತಿಗಳ ಮುದ್ರಣಗಳು. ಇವರ ಮೊದಲ ಕಾನ್ಸರ್ಟೊವನ್ನು 1971ರಲ್ಲಿ ಆಂಡ್ರೆ ಪ್ರೆವಿನ್ ನಿರ್ದೇಶನದಲ್ಲಿ ಲಂಡನ್ ಸಿಂಫನಿ ಆರ್ಕೆಸ್ಟ್ರಾ ನುಡಿಸಿತು. ಖಮಾಜ್, ಸಿಂಧಿ ಭೈರವಿ, ಅಡಾಣ, ಮಾಂಜ್ ಖಮಾಜ್ ಇದರ ನಾಲ್ಕು ಭಾಗಗಳು. ತಾಳಕ್ಕೆ ತಬಲಾದ ಬದಲು ಬಾಂಗೊ. ಎರಡನೆಯದು ‘ರಾಗಮಾಲಾ’. ನ್ಯೂಯಾರ್ಕ್ ಫಿಲ್ಹಾರ್ಮೊನಿಕ್‌ಗಾಗಿ ರಚಿತವಾಗಿ 1981ರಲ್ಲಿ ಪ್ರಥಮ ಪ್ರದರ್ಶನ ಕಂಡ ಇದನ್ನು ಮುಂಬಯಿ ಸಂಜಾತ ಜುಬಿನ್ ಮೆಹ್ತಾ (ಜ. 1936) ಲಂಡನ್ ಫಿಲ್ಹಾರ್ಮೊನಿಕ್ ವೃಂದದೊಂದಿಗೆ ಮುದ್ರಿಸಿದರು. ಲಲಿತ್, ಬೈರಾಗಿ, ಯಮನ್ ಕಲ್ಯಾಣ್, ಮಿಯಾ ಕಿ ಮಲ್ಹಾರ್ ಇದರ ರಾಗಗಳು. ಎರಡರಲ್ಲೂ ಸಿತಾರ್ ವಾದಕರು ಸ್ವತಃ ರವಿಶಂಕರ್. ಮನೋಧರ್ಮಪ್ರಧಾನ ರಾಗಪದ್ಧತಿಯನ್ನು ಲಿಖಿತ ವಾದ್ಯವೃಂದ ರಚನೆಗೆ ಹೊಂದಿಸಿದ ಎರಡು ಹಂತಗಳನ್ನು ಹೋಲಿಸಲು ಇವು ಮುಖ್ಯ ಆಕರಗಳು.