ಪುಣೆಯ ಬ್ಯಾಂಕಿನಲ್ಲಿ ಅಪ್ಪಣೆ ಕೊಟ್ಟವರಾರು?

1906ರಲ್ಲಿ ಪುಣೆಯಲ್ಲಿ ಶುರುವಾದ ಕಾಸ್ಮಾಸ್ ಸಹಕಾರಿ ಬ್ಯಾಂಕಿಗೆ 2018ರ ಆಗಸ್ಟ್ 11 ಎರಡನೇ ಶನಿವಾರದ ರಜೆ. ಅಂದು ಕೆಲವೇ ಗಂಟೆಗಳಲ್ಲಿ 28 ದೇಶಗಳ ಎಟಿಎಂಗಳಿಂದ ಸುಮಾರು 78 ಕೋಟಿ ರೂಪಾಯಿ ಖಾಲಿಯಾಯಿತು. ಕೊಲ್ಹಾಪುರವೂ ಸೇರಿ ದೇಶದೊಳಗಿನ ಎಟಿಎಂಗಳಲ್ಲಿ ಇನ್ನೂ ಎರಡೂವರೆ ಕೋಟಿ ಹೋಯಿತು. ಸೋಮವಾರ ಬ್ಯಾಂಕುಗಳ ಅಂತರರಾಷ್ಟ್ರೀಯ ಸಂದೇಶ ಜಾಲವಾದ ಸ್ವಿಫ್ಟ್ ಮೂಲಕ 13.92 ಕೋಟಿ ಹಾಂಗ್‌ಕಾಂಗ್‌ನ ಖಾತೆಯೊಂದನ್ನು ಸೇರಿತು.

ವಿಚಿತ್ರವೆಂದರೆ, ಗ್ರಾಹಕರ ಖಾತೆಗಳಲ್ಲಿ ಒಂದು ರೂಪಾಯಿಯೂ ಕಡಿಮೆಯಾಗಿರಲಿಲ್ಲ.

ಎಟಿಎಂಗೆ ಕಾರ್ಡ್ ತೂರಿಸಿದಾಗ ಯಂತ್ರ ತಾನಾಗಿ ಹಣ ಕೊಡುವುದಿಲ್ಲ. ಬ್ಯಾಂಕಿನ ಸ್ವಿಚ್ ಎಂಬ ಸರ್ವರ್ ಆ ಕೋರಿಕೆಯನ್ನು ಮೂಲ ಲೆಕ್ಕದ ವ್ಯವಸ್ಥೆಗೆ ಒಯ್ದು, ಒಪ್ಪಿಗೆ ತಂದು ಕೊಡಬೇಕು. ಕಳ್ಳರು ನಡುವೆ ಒಂದು ನಕಲಿ ಸ್ವಿಚ್ ಕೂರಿಸಿದ್ದರು. ನಕಲಿ ಕಾರ್ಡುಗಳ ಕೋರಿಕೆಗಳಿಗೆಲ್ಲ ಅದೇ ‘ಆಗಲಿ’ ಎನ್ನುತ್ತಿತ್ತು. ಲೆಕ್ಕದ ವ್ಯವಸ್ಥೆಗೆ ಸುದ್ದಿಯೇ ಮುಟ್ಟುತ್ತಿರಲಿಲ್ಲ.

ಕಂಪ್ಯೂಟರಿನಲ್ಲಿ ಅಪ್ಪಣೆಯ ಪ್ರಶ್ನೆ ಹಳೆಯದು. ಅಮೆರಿಕದ ಬೆಲ್ ಲ್ಯಾಬ್ಸ್‌ನ ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆ, 1971ರ ಮೊದಲ ಕೈಪಿಡಿಯ ಹೊತ್ತಿಗಾಗಲೇ ಫೈಲಿನ ಒಡೆಯನಿಗೊಂದು, ಉಳಿದವರಿಗೊಂದು ಎಂದು ಅನುಮತಿ ಹಂಚಿತ್ತು. ಗುಂಪಿನ ಅನುಮತಿ ಆಮೇಲೆ ಬಂತು. ಓದಲು 4, ಬರೆಯಲು 2, ಚಲಾಯಿಸಲು 1; ಮೂರೂ ಕೂಡಿದರೆ 7. ಒಡೆಯ, ಗುಂಪು, ಉಳಿದವರು, ಹೀಗೆ ಎಲ್ಲರಿಗೂ ಎಲ್ಲವೂ ಎಂದರೆ 777, ಅವಸರದ ಆಡಳಿತಗಾರನ ಅಚ್ಚುಮೆಚ್ಚಿನ ಸಂಖ್ಯೆ! ಆದರೆ ಪಾಸ್‌ವರ್ಡ್ ಬದಲಿಸಬೇಕಾದ ಸಾಮಾನ್ಯ ಬಳಕೆದಾರ, ಎಲ್ಲ ಅಧಿಕಾರವುಳ್ಳ ‘ರೂಟ್’ ಬಳಕೆದಾರ ಮಾತ್ರ ತಿದ್ದಬಹುದಾದ ಫೈಲನ್ನು ಮುಟ್ಟುವುದು ಹೇಗೆ? ಇದಕ್ಕೆ ಯುನಿಕ್ಸ್ ರೂಪಿಸಿದವರಲ್ಲೊಬ್ಬರಾದ ಡೆನ್ನಿಸ್ ರಿಚಿ ‘ಸೆಟ್‌ಯುಐಡಿ’ ಕಂಡುಹಿಡಿದರು: ಪ್ರೋಗ್ರಾಂ ಓಡುವಷ್ಟು ಹೊತ್ತು ಅದರ ಒಡೆಯನ ಅಧಿಕಾರ ಬಳಕೆದಾರನಿಗೂ ಸಿಗುತ್ತದೆ. 1979ರಲ್ಲಿ ಇದಕ್ಕೆ ಪೇಟೆಂಟ್ ಸಿಕ್ಕಿತು. ಜಾಣ ಉಪಾಯವೇ ಸರಿ. ಆದರೆ ಅಂಥ ಪ್ರೋಗ್ರಾಂನಲ್ಲಿ ಒಂದು ದೋಷವಿದ್ದರೆ ಇಡೀ ಯಂತ್ರವೇ ಕಳ್ಳನ ಕೈಗೆ ಸಿಗಬಹುದು.

ಕಾರಣ ಸರಳ. ಅನುಮತಿ ನೋಡುವುದು ಹೆಸರನ್ನು, ಮನುಷ್ಯನನ್ನಲ್ಲ.

ಪುಣೆಯ ಘಟನೆ ನಡೆದು ಎರಡು ತಿಂಗಳೊಳಗೆ, 2018ರ ಅಕ್ಟೋಬರ್‌ನಲ್ಲಿ, ಅಮೆರಿಕದ ಸರ್ಕಾರಿ ಸಂಸ್ಥೆಗಳು ‘ಫಾಸ್ಟ್‌ಕ್ಯಾಶ್’ ಎಂಬ ಎಟಿಎಂ ಲೂಟಿಯ ಬಗ್ಗೆ ಎಚ್ಚರಿಸಿದವು. ಅವು ಪರಿಶೀಲಿಸಿದ ಪ್ರಕರಣಗಳಲ್ಲಿ ದಾಳಿಗೆ ಸಿಕ್ಕ ಸ್ವಿಚ್ ಸರ್ವರ್‌ಗಳಲ್ಲಿದ್ದದ್ದು ಯುನಿಕ್ಸ್ ವಂಶದ, ಐಬಿಎಂ ಬೆಂಬಲ ನಿಲ್ಲಿಸಿದ್ದ ಹಳೆಯ ಎಐಎಕ್ಸ್ ಆವೃತ್ತಿಗಳು. ಓಡುತ್ತಿದ್ದ ಅಸಲಿ ಪ್ರೋಗ್ರಾಂನೊಳಗೇ ಕಳ್ಳರು ತಮ್ಮ ಕೋಡ್ ತುರುಕಿದ್ದರು. ಒಳಗಿನವನ ಅಧಿಕಾರವೇ ಕೈಯಲ್ಲಿರುವಾಗ 777 ಆದರೇನು, ಒಡೆಯನಿಗೆ ಮಾತ್ರ ಓದಿ ಬರೆಯಲು ಬಿಡುವ 600 ಆದರೇನು?

ಕಾಸ್ಮಾಸ್ ದಾಳಿಯನ್ನು ವಿಶ್ವಸಂಸ್ಥೆಯ ತಜ್ಞರ ಸಮಿತಿ 2019ರ ವರದಿಯಲ್ಲಿ ಉತ್ತರ ಕೊರಿಯಾದ ಲೆಕ್ಕಕ್ಕೆ ಬರೆಯಿತು. ನಗರ ಸಹಕಾರಿ ಬ್ಯಾಂಕುಗಳಿಗಾಗಿಯೇ ರಿಸರ್ವ್ ಬ್ಯಾಂಕ್ ಮೂಲ ಸೈಬರ್ ಭದ್ರತಾ ಚೌಕಟ್ಟು ಹೊರಡಿಸಿದ್ದು 2018ರ ಅಕ್ಟೋಬರ್ 19ರಂದು. ಅಷ್ಟರಲ್ಲಿ ಹಣ ಗಡಿ ದಾಟಿತ್ತು. 2023ರ ಏಪ್ರಿಲ್‌ನಲ್ಲಿ ಪುಣೆಯ ನ್ಯಾಯಾಲಯ 11 ಮಂದಿಯನ್ನು ತಪ್ಪಿತಸ್ಥರೆಂದಿತು. ನಕಲಿ ಸ್ವಿಚ್ ಕೂರಿಸಿದವರು ಆ ಹನ್ನೊಂದು ಮಂದಿಯಲ್ಲಿ ಇರಲಿಲ್ಲ.